ಅಪೊಲೊ ಬಂದರಿನಿಂದ ಸರ್ಪಸುತ್ತಿನವರೆಗೆ

ಕನ್ನಡದಲ್ಲಿ ಸರ್ಪಸುತ್ತು, ಮರಾಠಿಯಲ್ಲಿ ನಾಗೀಣ್. ಎರಡೂ ಭಾಷೆಗಳಲ್ಲಿ ಈ ರೋಗಕ್ಕೆ ಹಾವಿನ ಹೆಸರೇ. ಬೆನ್ನಿನ ಒಂದು ಬದಿಯಲ್ಲಿ ಹುಟ್ಟಿ, ಪಕ್ಕೆಲುಬಿನ ಗುಂಟ ಮುಂದಕ್ಕೆ ಹರಿದು ಬರುವ ಗುಳ್ಳೆಗಳ ಸಾಲನ್ನು ಒಮ್ಮೆ ನೋಡಿದವರಿಗೆ ಆ ಹೆಸರು ಯಾಕೆ ಬಂತೆಂದು ಹೇಳಬೇಕಿಲ್ಲ. ಹೆಸರಿನ ಹಾಗೆ ಹೆದರಿಕೆಯೂ ಎರಡು ಕಡೆ ಒಂದೇ: ಹಾವಿನ ತಲೆ, ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ. ಕರ್ನಾಟಕದ ಹಲವು ಊರುಗಳಲ್ಲಿ ಇದಕ್ಕೆ ಕೆಮ್ಮಣ್ಣು ಹಚ್ಚಿಸಿಕೊಳ್ಳುವ ರೂಢಿ ಇಂದಿಗೂ ಇದೆ. ಉರಿಯುವ ಚರ್ಮಕ್ಕೆ ಒದ್ದೆ ಮಣ್ಣು ತಂಪು ಕೊಡುತ್ತದೆ, ಎರಡು ಮೂರು ವಾರಗಳಲ್ಲಿ ಗುಳ್ಳೆಗಳು ತಾವಾಗಿಯೇ ಒಣಗುತ್ತವೆ. ಹಾವಿನ ತಲೆ ಬಾಲ ಕೂಡುವುದೇ ಇಲ್ಲ, ಏಕೆಂದರೆ ಬೆನ್ನುಹುರಿಯ ಒಂದು ಬದಿಯ ನರ ದೇಹದ ನಡುಗೆರೆಯನ್ನು ದಾಟಿ ಇನ್ನೊಂದು ಬದಿಗೆ ಹೋಗುವುದಿಲ್ಲ.

ಆದರೆ ಕೆಲವರ ಪಾಲಿಗೆ ಗುಳ್ಳೆ ಒಣಗಿದ ಮೇಲೆ ಇನ್ನೊಂದು ತೊಂದರೆ ಶುರುವಾಗುತ್ತದೆ. ಭುಜದ ಮೇಲೆ ಸರ್ಪಸುತ್ತು ಆದವರಿಗೆ ಒಂದು ಬೆಳಿಗ್ಗೆ ತಲೆ ಬಾಚಲು ಕೈ ಮೇಲೇಳುವುದಿಲ್ಲ. ಸೊಂಟದಲ್ಲಿ ಆದವರಿಗೆ ಮೆಟ್ಟಿಲು ಹತ್ತುವಾಗ ಮೊಣಕಾಲು ಕುಸಿಯುತ್ತದೆ. ಹೊಟ್ಟೆಯ ಪಕ್ಕದಲ್ಲಿ ಆದವರಿಗೆ ಅದೇ ಪಕ್ಕ ಉಬ್ಬಿ ನಿಲ್ಲುತ್ತದೆ, ನೋಡಿದವರು ಹರ್ನಿಯಾ ಎನ್ನುತ್ತಾರೆ. ನೋವಿನ ನರದಲ್ಲಿ ಹುಟ್ಟಿದ ಉರಿ ಸ್ನಾಯುವನ್ನು ಆಡಿಸುವ ನರಕ್ಕೂ ದಾಟಿರುತ್ತದೆ. ಸರ್ಪಸುತ್ತು ಬಂದ ನೂರು ಜನರಲ್ಲಿ ಒಬ್ಬರಿಂದ ಐವರವರೆಗೆ ಇಂಥ ಸ್ನಾಯು ದೌರ್ಬಲ್ಯ ಕಾಣಿಸಬಹುದು ಎಂಬುದು ವೈದ್ಯಗ್ರಂಥಗಳ ಅಂದಾಜು.

ಚರ್ಮದ ಮೇಲಿನ ಹಾವು ಎಲ್ಲರಿಗೂ ಕಾಣುತ್ತದೆ. ಒಳಗಿನ ನರಕ್ಕೂ ಸ್ನಾಯುವಿಗೂ ಏನಾಗಿದೆ ಎಂಬುದನ್ನು ಬದುಕಿರುವ ಮನುಷ್ಯನಲ್ಲಿ ಕಣ್ಣಾರೆ ನೋಡಲು ವೈದ್ಯರಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಆ ದೀರ್ಘ ಕಥೆಯ ಒಂದು ಎಳೆ ಮುಂಬಯಿಯ ಫೋರ್ಟ್ ಪ್ರದೇಶದ ದಕ್ಷಿಣ ಅಂಚಿನಲ್ಲಿ, ಗೇಟ್‌ವೇ ಆಫ್ ಇಂಡಿಯಾದ ಪಕ್ಕದ ಒಂದು ಹಳೆಯ ಕಟ್ಟಡವನ್ನು ಹಾದು ಹೋಗುತ್ತದೆ. ಅಲ್ಲಿಗೆ ತಲುಪುವ ಮೊದಲು ಯುರೋಪಿನ ಶವಾಗಾರಗಳನ್ನು ನೋಡಬೇಕು.

ಸತ್ತ ಮೇಲೆ ಕಂಡ ನರ

ಸರ್ಪಸುತ್ತಿಗೂ ನರಕ್ಕೂ ಸಂಬಂಧವಿರಬಹುದೆಂದು 1831ರಲ್ಲಿ ಸೂಚಿಸಿದವನು ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್. ಗುಳ್ಳೆಗಳು ಒಂದೇ ನರದ ಹಾದಿ ಹಿಡಿದು ಬರುವುದನ್ನು ಅವನು ಗಮನಿಸಿದ್ದ. 1860ರ ದಶಕದ ಆರಂಭದಲ್ಲಿ ಬರ್ಲಿನ್ನಿನ ಚರ್ಮವೈದ್ಯ ಬೆರೆನ್‌ಸ್ಪ್ರುಂಗ್ ಸರ್ಪಸುತ್ತು ಇದ್ದ ರೋಗಿಯೊಬ್ಬರ ಶವಪರೀಕ್ಷೆ ಮಾಡಿ, ಬೆನ್ನುಹುರಿಯ ಪಕ್ಕದ ನರಗಂಟು ಊದಿಕೊಂಡಿರುವುದನ್ನು ಕಂಡ. ಬೆನ್ನೆಲುಬಿನ ಎರಡೂ ಬದಿಯಲ್ಲಿ ಜೋಡಿ ಜೋಡಿಯಾಗಿ ಇರುವ ಈ ಗಂಟುಗಳಲ್ಲಿ ಸ್ಪರ್ಶ, ನೋವುಗಳ ಸುದ್ದಿ ಒಯ್ಯುವ ನರಕೋಶಗಳು ವಾಸಿಸುತ್ತವೆ.

1866ರಲ್ಲಿ ಇನ್ನೊಬ್ಬ ಲಂಡನ್ ವೈದ್ಯ ವಿಲಿಯಂ ಬ್ರಾಡ್‌ಬೆಂಟ್ ತೋಳಿನ ನರಗಳ ಗುಂಟ ಗುಳ್ಳೆ ಎದ್ದು, ಆಮೇಲೆ ಅದೇ ತೋಳಿನ ಸ್ನಾಯುಗಳು ಸೋತ ಒಂದು ಪ್ರಕರಣವನ್ನು ಬರೆದಿಟ್ಟ. ಸರ್ಪಸುತ್ತಿನ ಪಾರ್ಶ್ವವಾಯುವಿನ ಮೊದಲ ದಾಖಲೆಗಳಲ್ಲಿ ಅದೂ ಒಂದು. 1900ರಲ್ಲಿ ಹೆನ್ರಿ ಹೆಡ್ ಮತ್ತು ಆಲ್ಫ್ರೆಡ್ ಕ್ಯಾಂಪ್‌ಬೆಲ್ 21 ಶವಪರೀಕ್ಷೆಗಳ ಆಧಾರದ ಮೇಲೆ ಈ ರೋಗದ ದೊಡ್ಡ ಅಧ್ಯಯನ ಪ್ರಕಟಿಸಿದರು. ಯಾವ ನರಗಂಟು ಹಾಳಾದರೆ ಚರ್ಮದ ಯಾವ ಪಟ್ಟಿಯಲ್ಲಿ ಗುಳ್ಳೆ ಏಳುತ್ತದೆ ಎಂಬ ನಕ್ಷೆ ಅದರಿಂದ ಸಿಕ್ಕಿತು. ಇಂದಿಗೂ ನರವೈದ್ಯರು ಬಳಸುವ ದೇಹದ ಪಟ್ಟಿಗಳ ನಕ್ಷೆಗೆ ಸರ್ಪಸುತ್ತೇ ಒಂದು ಬುನಾದಿ. 1907ರಲ್ಲಿ ನ್ಯೂಯಾರ್ಕಿನ ರಾಮ್ಸೆ ಹಂಟ್ ಕಿವಿಯ ಸರ್ಪಸುತ್ತಿನಿಂದ ಮುಖದ ಒಂದು ಬದಿ ಸೋಲುವುದನ್ನು ವಿವರಿಸಿದ.

ಈ ವೈದ್ಯರಿಗೆ ರೋಗದ ಜಾಗ ಗೊತ್ತಿತ್ತು, ಅದನ್ನು ಕಣ್ಣಿಂದ ಕಾಣಲು ಮಾತ್ರ ರೋಗಿ ಸಾಯುವವರೆಗೆ ಕಾಯಬೇಕಿತ್ತು. 1895ರಲ್ಲಿ ಬಂದ ಎಕ್ಸ್-ರೇ ಇಲ್ಲಿ ಹೆಚ್ಚು ಸಹಾಯ ಮಾಡಲಿಲ್ಲ. ಅದಕ್ಕೆ ಎಲುಬು ಕಾಣುತ್ತದೆ, ನರ ಕಾಣುವುದಿಲ್ಲ. ಎಕ್ಸ್-ರೇಗೆ ಸಿಗುತ್ತಿದ್ದುದು ಸೋತ ಸ್ನಾಯುವಿನ ಪರಿಣಾಮ ಮಾತ್ರ. 1949ರಲ್ಲಿ ಇಬ್ಬರು ಅಮೆರಿಕನ್ ವೈದ್ಯರು ವರದಿ ಮಾಡಿದ ಪ್ರಕರಣದಲ್ಲಿ ಸರ್ಪಸುತ್ತಿನ ನಂತರ ವಪೆಯನ್ನು ಆಡಿಸುವ ನರ ಶಾಶ್ವತವಾಗಿ ಸೋತಿತ್ತು. ಎದೆ ಮತ್ತು ಹೊಟ್ಟೆಯ ನಡುವಿನ ಆ ಸ್ನಾಯುವಿನ ಒಂದು ಬದಿ ಸೋತರೆ, ಎದೆಯ ಎಕ್ಸ್-ರೇಯಲ್ಲಿ ಆ ಬದಿ ಮೇಲಕ್ಕೆ ಏರಿ ಕುಳಿತಿರುವುದು ಕಾಣುತ್ತದೆ. ಮೂಗಿನಿಂದ ಜೋರಾಗಿ ಉಸಿರೆಳೆದಾಗ ಕೆಳಗಿಳಿಯಬೇಕಾದ ವಪೆ ತಿರುಗಿ ಮೇಲಕ್ಕೆ ಹೋಗುತ್ತದೆ. ಅದರಾಚೆ ನರದ ಸ್ಥಿತಿ ಏನೆಂಬುದು ಊಹೆಯೇ ಆಗಿತ್ತು.

ಬಾಲ್ಯದ ಸಿಡುಬು, ಮುಪ್ಪಿನ ಹಾವು

ರೋಗದ ಮೂಲ ಅಷ್ಟರಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಮನೆಯಲ್ಲಿ ದೊಡ್ಡವರಿಗೆ ಸರ್ಪಸುತ್ತು ಬಂದರೆ ಕೆಲದಿನಗಳಲ್ಲಿ ಮಕ್ಕಳಿಗೆ ಸೀತಾಳ ಸಿಡುಬು ಬರುವುದನ್ನು ಹಂಗೆರಿಯ ಮಕ್ಕಳ ವೈದ್ಯ ಬೋಕಾಯ್ 19ನೇ ಶತಮಾನದ ಕೊನೆಗೇ ಗಮನಿಸಿದ್ದ. 1950ರ ದಶಕದಲ್ಲಿ ಹಾರ್ವರ್ಡಿನ ಥಾಮಸ್ ವೆಲ್ಲರ್ ಎರಡೂ ರೋಗಗಳ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಎರಡೂ ಒಂದೇ ಎಂದು ತೋರಿಸಿದ. 1965ರಲ್ಲಿ ಇಂಗ್ಲೆಂಡಿನ ಸಣ್ಣ ಊರಾದ ಸೈರೆನ್ಸೆಸ್ಟರಿನ ಸಾಮಾನ್ಯ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್, ತನ್ನ ರೋಗಿಗಳ ವರ್ಷಗಟ್ಟಲೆಯ ದಾಖಲೆಯನ್ನು ಮುಂದಿಟ್ಟು ಒಂದು ವಾದ ಮಂಡಿಸಿದ. ಸಿಡುಬು ವಾಸಿಯಾದ ಮೇಲೂ ವೈರಸ್ ನರಗಂಟಿನಲ್ಲಿ ಮಲಗಿರುತ್ತದೆ, ವಯಸ್ಸಾಗಿ ದೇಹದ ಕಾವಲು ಸಡಿಲವಾದಾಗ ಎದ್ದು ನರದ ಗುಂಟ ಹೊರಗೆ ಬರುತ್ತದೆ. ಇಂದು ಎಲ್ಲರೂ ಒಪ್ಪುವ ವಿವರಣೆ ಇದೇ.

ಈ ವಿವರಣೆಗೆ ಮುಂಬಯಿಯಂಥ ನಗರದಲ್ಲಿ ತನ್ನದೇ ಅರ್ಥವಿದೆ. ಬಿಸಿಲಿನ ದೇಶಗಳಲ್ಲಿ, ಅದರಲ್ಲೂ ಹಳ್ಳಿಗಳಲ್ಲಿ, ಅನೇಕರು ಸೀತಾಳ ಸಿಡುಬು ಬಾರದೆಯೇ ದೊಡ್ಡವರಾಗುತ್ತಾರೆ. ದಕ್ಷಿಣ ಕನ್ನಡದಿಂದ ಬಂದು ಫೋರ್ಟಿನ ಹೋಟೆಲುಗಳಲ್ಲಿ ಹಗಲು ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ, ಹತ್ತಾರು ಜನರಿದ್ದ ಕೋಣೆಗಳಲ್ಲಿ ಮಲಗಿದ ಹುಡುಗರ ತಲೆಮಾರುಗಳು ಕನ್ನಡಿಗರಿಗೆ ಪರಿಚಿತ. ಗಾಳಿಯಲ್ಲಿ ಹರಡುವ ಈ ವೈರಸ್ಸಿಗೆ ಅಂಥ ಇಕ್ಕಟ್ಟಾದ ಕೋಣೆ ಅನುಕೂಲದ ಜಾಗ. ಹದಿಹರೆಯದಲ್ಲಿ ಸಿಡುಬು ಬಂದು ಹೋದವರು ಐವತ್ತು ದಾಟುವಾಗ ನರಗಂಟಿನಲ್ಲಿ ಅದೇ ವೈರಸ್ಸನ್ನು ಹೊತ್ತೇ ಇರುತ್ತಾರೆ.

ಆ ಹುಡುಗರು ಬೋರಾ ಬಜಾರಿನಲ್ಲಿ ಓಡಾಡುತ್ತಿದ್ದ ಕಾಲದಲ್ಲೇ, ಅಲ್ಲಿಂದ ಒಂದೆರಡು ಕಿಲೋಮೀಟರು ದಕ್ಷಿಣಕ್ಕೆ, ನರವನ್ನು ನೋಡುವ ವಿದ್ಯೆಯ ಒಂದು ಬೀಜ ಬಂದು ಬಿದ್ದಿತು. ಅದನ್ನು ತಂದವರಿಗೆ ಸರ್ಪಸುತ್ತಿನ ಯೋಚನೆ ಇರಲಿಲ್ಲ.

ಮೂರು ಗೆರೆ ಮೂಡಿದ ಮದ್ಯಸಾರ

1946ರಲ್ಲಿ ಅಮೆರಿಕದ ಎರಡು ಗುಂಪುಗಳು, ಸ್ಟ್ಯಾನ್‌ಫರ್ಡಿನಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಹಾರ್ವರ್ಡಿನಲ್ಲಿ ಎಡ್ವರ್ಡ್ ಪರ್ಸೆಲ್ ಅವರದು, ಒಂದೇ ಸಂಗತಿಯನ್ನು ಬೇರೆಬೇರೆಯಾಗಿ ಕಂಡವು. ನೀರನ್ನೋ ಮೇಣವನ್ನೋ ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಸರಿಯಾದ ಆವರ್ತನದ ರೇಡಿಯೊ ಅಲೆ ತಾಗಿಸಿದರೆ, ಅದರೊಳಗಿನ ಹೈಡ್ರೋಜನ್ ಬೀಜಗಳು ಆ ಅಲೆಗೆ ಓಗೊಡುತ್ತವೆ. ಇದೇ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ಚಿಕ್ಕದಾಗಿ ಎನ್‌ಎಂಆರ್. ಇಬ್ಬರಿಗೂ 1952ರ ನೊಬೆಲ್ ಬಂತು.

ಹೈಡ್ರೋಜನ್ ಎಲ್ಲಿದ್ದರೂ ಹೈಡ್ರೋಜನ್ನೇ, ಒಂದೇ ಕಾಂತಕ್ಷೇತ್ರದಲ್ಲಿ ಒಂದೇ ಆವರ್ತನಕ್ಕೆ ಓಗೊಡಬೇಕು ಎಂದು ಭೌತವಿಜ್ಞಾನಿಗಳು ಮೊದಲು ಭಾವಿಸಿದ್ದರು. 1950ರಲ್ಲಿ ಸ್ಟ್ಯಾನ್‌ಫರ್ಡಿನ ಪ್ರಾಕ್ಟರ್ ಮತ್ತು ಯೂ ಅವರಿಗೆ ಅಮೋನಿಯಂ ನೈಟ್ರೇಟಿನಲ್ಲಿ ನೈಟ್ರೋಜನ್ನಿಗೆ ಒಂದರ ಬದಲು ಎರಡು ಗೆರೆಗಳು ಕಂಡವು. 1951ರಲ್ಲಿ ಅದೇ ಸ್ಟ್ಯಾನ್‌ಫರ್ಡಿನಲ್ಲಿ ಮೂವರು ಸಾಮಾನ್ಯ ಮದ್ಯಸಾರವನ್ನು, ಅಂದರೆ ಎಥೈಲ್ ಆಲ್ಕೊಹಾಲನ್ನು, ಕಾಂತದೊಳಗಿಟ್ಟು ನೋಡಿದರು. ಅದರ ಒಂದು ಅಣುವಿನಲ್ಲಿ ಆರು ಹೈಡ್ರೋಜನ್‌ಗಳಿವೆ. ತೆರೆಯ ಮೇಲೆ ಮೂಡಿದ್ದು ಮೂರು ಗೆರೆಗಳು, ಮೂರು, ಎರಡು, ಒಂದರ ಅನುಪಾತದಲ್ಲಿ. ಅಣುವಿನೊಳಗೆ ಯಾವ ನೆರೆಯಲ್ಲಿ ಕುಳಿತಿದೆ ಎಂಬುದರ ಮೇಲೆ ಹೈಡ್ರೋಜನ್ನಿನ ದನಿ ಕೂದಲೆಳೆಯಷ್ಟು ಬದಲಾಗುತ್ತದೆ ಎಂದು ಆ ಮೂರು ಗೆರೆಗಳು ಹೇಳಿದವು. ರಸಾಯನಶಾಸ್ತ್ರಜ್ಞರು ಇದನ್ನು ಕೆಮಿಕಲ್ ಶಿಫ್ಟ್ ಎನ್ನುತ್ತಾರೆ.

ಆ ಪ್ರಬಂಧದ ಮೇಲಿನ ಮೂರು ಹೆಸರುಗಳು ಜೇಮ್ಸ್ ಆರ್ನಾಲ್ಡ್, ಎಸ್.ಎಸ್. ಧರ್ಮಟ್ಟಿ, ಮಾರ್ಟಿನ್ ಪ್ಯಾಕಾರ್ಡ್. ನಡುವಿನ ಹೆಸರು ಕನ್ನಡದ ಕಿವಿಗೆ ತಟ್ಟನೆ ಹಿಡಿಯುತ್ತದೆ. ಧರ್ಮಟ್ಟಿ ಎಂಬುದು ಬೆಳಗಾವಿ ಜಿಲ್ಲೆಯ ಒಂದು ಊರು. ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಮನೆತನದ ಹೆಸರಾಗುವುದು ವಾಡಿಕೆ. ಸ್ಟ್ಯಾನ್‌ಫರ್ಡಿನಲ್ಲಿ ಇದ್ದಾಗ ಧರ್ಮಟ್ಟಿ, ಹ್ಯಾರಿ ವೀವರ್ ಜೊತೆ ಸೇರಿ ಗಂಧಕ ಮೊದಲಾದ ಧಾತುಗಳ ಬೀಜಗಳ ಕಾಂತತ್ವವನ್ನೂ ಅಳೆದರು.

1950ರ ದಶಕದಲ್ಲಿ ಅವರು ಹೋಮಿ ಭಾಭಾ ಕಟ್ಟುತ್ತಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಿಐಎಫ್‌ಆರ್, ಸೇರಿ ಅಲ್ಲಿ ಎನ್‌ಎಂಆರ್ ಗುಂಪನ್ನು ಆರಂಭಿಸಿದರು. ಈ ಸಂಸ್ಥೆ 1945ರಲ್ಲಿ ಶುರುವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷ ಅದು ಮುಂಬಯಿಯ ಪೆಡ್ಡರ್ ರೋಡಿನ ಒಂದು ಮನೆಗೆ ಬಂತು, 1949ರಲ್ಲಿ ಅಪೊಲೊ ಬಂದರಿನ ಹಳೆಯ ಯಾಟ್ ಕ್ಲಬ್ಬಿಗೆ. ಕೋಟೆಯ ಗೋಡೆ ಇದ್ದ ಕಾಲದಲ್ಲಿ ಅದರ ದಕ್ಷಿಣದ ಬಾಗಿಲಿಗೆ ಅಪೊಲೊ ಗೇಟ್ ಎಂದು ಹೆಸರು. 1860ರ ದಶಕದಲ್ಲಿ ಗೋಡೆ ಕೆಡವಿದ ಮೇಲೆ ಪ್ರದೇಶಕ್ಕೆ ಫೋರ್ಟ್ ಎಂಬ ಹೆಸರಷ್ಟೇ ಉಳಿಯಿತು. ಬ್ರಿಟಿಷರ ಕಾಲದಲ್ಲಿ ಭಾರತೀಯರಿಗೆ ಬಾಗಿಲು ತೆರೆಯದಿದ್ದ ಆ ಕ್ಲಬ್ಬಿನ ಕಟ್ಟಡ ಸ್ವಾತಂತ್ರ್ಯದ ಎರಡೇ ವರ್ಷಗಳಲ್ಲಿ ವಿಜ್ಞಾನಿಗಳ ಪಾಲಾಯಿತು. 1962ರಲ್ಲಿ ಕೊಲಾಬಾದ ಸಮುದ್ರದಂಡೆಯ ಹೊಸ ಕಟ್ಟಡ ಉದ್ಘಾಟನೆಯಾಗುವವರೆಗೆ ಸಂಸ್ಥೆಯ ಮುಖ್ಯ ವಿಳಾಸ ಅದೇ ಆಗಿತ್ತು.

ಧರ್ಮಟ್ಟಿ ಆರಂಭಿಸಿದ ಗುಂಪಿನಿಂದ ದೇಶದ ಎನ್‌ಎಂಆರ್ ವಿಜ್ಞಾನದ ಒಂದು ಪರಂಪರೆ ಬೆಳೆಯಿತು. ಗಿರಿಜೇಶ್ ಗೋವಿಲ್ ಟಿಐಎಫ್‌ಆರ್‌ನಲ್ಲೇ ಉಳಿದು, 1980ರ ದಶಕದಲ್ಲಿ ಅಲ್ಲಿ ರಾಷ್ಟ್ರೀಯ ಎನ್‌ಎಂಆರ್ ಕೇಂದ್ರ ಬರಲು ಕಾರಣರಾದರು. ಸಿ.ಎಲ್. ಖೇತ್ರಪಾಲ್ ಮುಂಬಯಿಯಿಂದ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆ ಮತ್ತು ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿ, ಕೊನೆಗೆ ಲಖನೌದಲ್ಲಿ ಈ ವಿದ್ಯೆಯನ್ನು ವೈದ್ಯಕೀಯಕ್ಕೆ ಬಳಸುವ ಕೇಂದ್ರವನ್ನು ಕಟ್ಟಿದರು.

ಗೆರೆಯಿಂದ ಚಿತ್ರಕ್ಕೆ

ಧರ್ಮಟ್ಟಿಯವರ ಕಾಲದ ಯಂತ್ರ ಗೆರೆಗಳನ್ನು ಕೊಡುತ್ತಿತ್ತು. ಗೆರೆಯನ್ನು ಚಿತ್ರವಾಗಿಸುವ ದಾರಿಯನ್ನು 1973ರಲ್ಲಿ ತೋರಿಸಿದವರು ಅಮೆರಿಕದ ಪಾಲ್ ಲಾಟರ್‌ಬರ್. ಕಾಂತಕ್ಷೇತ್ರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ವಲ್ಪ ಸ್ವಲ್ಪ ಹೆಚ್ಚಿಸಿದರೆ, ದನಿ ಎಲ್ಲಿಂದ ಬಂತೆಂದು ಪತ್ತೆ ಹಚ್ಚಬಹುದು. 1975ರಲ್ಲಿ ಝೂರಿಕ್‌ನಲ್ಲಿ ಅನಿಲ್ ಕುಮಾರ್, ಡೀಟರ್ ವೆಲ್ಟಿ ಮತ್ತು ರಿಚರ್ಡ್ ಅರ್ನ್ಸ್ಟ್ ಆ ಪತ್ತೆಗೆ ಫೂರಿಯೆ ಗಣಿತವನ್ನು ಬಳಸುವ ಕ್ರಮ ರೂಪಿಸಿದರು. ಇಂದಿನ ಎಂಆರ್‌ಐ ಯಂತ್ರಗಳು ಆ ಮೂಲದಿಂದಲೇ ಬೆಳೆದಿವೆ. ಅನಿಲ್ ಕುಮಾರ್ ನಂತರ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು ದಶಕಗಳ ಕಾಲ ಕಲಿಸಿದರು.

ಎಂಆರ್‌ಐ ಬಂದ ಕೂಡಲೇ ನರ ಕಾಣಲಿಲ್ಲ. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಕೆಲವೇ ಮಿಲಿಮೀಟರು ದಪ್ಪ, ಸುತ್ತಲೂ ಕೊಬ್ಬಿನ ಹೊದಿಕೆ. ಚಿತ್ರದಲ್ಲಿ ಕೊಬ್ಬು ಎಷ್ಟು ಬೆಳ್ಳಗೆ ಹೊಳೆಯುತ್ತದೆಂದರೆ, ಊದಿ ನೀರು ತುಂಬಿದ ನರ ಅದರಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ 1951ರ ಮೂರು ಗೆರೆಗಳು ಕೆಲಸಕ್ಕೆ ಬಂದವು. ನೀರಿನ ಹೈಡ್ರೋಜನ್ನಿಗೂ ಕೊಬ್ಬಿನ ಹೈಡ್ರೋಜನ್ನಿಗೂ ನೆರೆ ಬೇರೆ, ಆದ್ದರಿಂದ ದನಿಯೂ ಬೇರೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದಲ್ಲಿ ನೀರಿನ ಹೈಡ್ರೋಜನ್ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ ಸುತ್ತುತ್ತದೆ. ಕೊಬ್ಬಿನದು ಅದಕ್ಕಿಂತ ಬರೀ 220 ಸುತ್ತು ಹಿಂದೆ. ಈ ಚೂರು ಅಂತರವನ್ನು ಹಿಡಿದು ಕೊಬ್ಬಿನ ದನಿಯನ್ನಷ್ಟೇ ಅಡಗಿಸಬಹುದು. 1984ರಲ್ಲಿ ಥಾಮಸ್ ಡಿಕ್ಸನ್ ಇದೇ ಅಂತರದಿಂದ ನೀರಿಗೊಂದು, ಕೊಬ್ಬಿಗೊಂದು ಪ್ರತ್ಯೇಕ ಚಿತ್ರ ಪಡೆಯುವ ಕ್ರಮ ಕೊಟ್ಟರು. ಕೊಬ್ಬನ್ನು ಬೇರೆ ರೀತಿಯಲ್ಲಿ ಅಡಗಿಸುವ ಕ್ರಮಗಳೂ ಆಮೇಲೆ ಸೇರಿಕೊಂಡವು. 1993ರಲ್ಲಿ ಆರನ್ ಫಿಲ್ಲರ್ ಮತ್ತು ಸಂಗಡಿಗರು ನರಗಳನ್ನೇ ಎತ್ತಿ ತೋರಿಸುವ ಎಂಆರ್ ನ್ಯೂರೊಗ್ರಫಿಯನ್ನು ಪ್ರಕಟಿಸಿದರು.

ನೀರು ಮತ್ತು ಕೊಬ್ಬು

ಸರ್ಪಸುತ್ತಿನಿಂದ ಕೈ ಸೋತವರಿಗೆ ನೀರು ಮತ್ತು ಕೊಬ್ಬನ್ನು ಬೇರ್ಪಡಿಸಿ ನೋಡುವುದು ಬಹಳ ಮುಖ್ಯ. ನರದ ಹಂಗು ತಪ್ಪಿದ ಸ್ನಾಯು ಮೊದಲ ಕೆಲವು ವಾರಗಳಲ್ಲಿ ನೀರು ತುಂಬಿಕೊಳ್ಳುತ್ತದೆ. ಕೊಬ್ಬನ್ನು ಅಡಗಿಸಿದ ಚಿತ್ರದಲ್ಲಿ ಅದು ಬೆಳ್ಳಗೆ ಕಾಣುತ್ತದೆ, ಪಕ್ಕದ ಆರೋಗ್ಯವಂತ ಸ್ನಾಯು ಕಪ್ಪಗೆ. ಯಾವ ಯಾವ ಸ್ನಾಯು ಬೆಳಗಿದೆ ಎಂದು ಎಣಿಸಿದರೆ ಯಾವ ನರ ಹಾಳಾಗಿದೆ ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಹೆಡ್ ಮತ್ತು ಕ್ಯಾಂಪ್‌ಬೆಲ್ ಚರ್ಮದ ಪಟ್ಟಿಗಳಲ್ಲಿ ಮಾಡಿದ ಲೆಕ್ಕವನ್ನೇ ಈಗ ಸ್ನಾಯುಗಳಲ್ಲಿ ಮಾಡಿದ ಹಾಗೆ. ನರ ಮತ್ತೆ ಚಿಗುರಿದರೆ ಸ್ನಾಯು ಮೊದಲಿನ ಬಣ್ಣಕ್ಕೆ ಮರಳುತ್ತದೆ. ಹಲವು ತಿಂಗಳಾದರೂ ಚಿಗುರದಿದ್ದರೆ ಸ್ನಾಯು ತೆಳುವಾಗಿ, ಅದರ ಎಳೆಗಳ ಜಾಗದಲ್ಲಿ ಕೊಬ್ಬು ತುಂಬುತ್ತದೆ. ನೀರಿನ ಚಿತ್ರ ನೋಡಿದ ವೈದ್ಯರು ಇನ್ನೂ ಕಾಯಬಹುದು, ವ್ಯಾಯಾಮ ಬಿಡಬೇಡಿ ಎನ್ನುತ್ತಾರೆ. ಕೊಬ್ಬಿನ ಚಿತ್ರ ಕಳೆದುಕೊಂಡದ್ದು ಎಷ್ಟೆಂದು ಹೇಳುತ್ತದೆ. ಸಮಾಧಾನದ ಸಂಗತಿಯೆಂದರೆ, ಸರ್ಪಸುತ್ತಿನಿಂದ ಸೋತ ಸ್ನಾಯು ಹೆಚ್ಚಿನವರಲ್ಲಿ ಒಂದೆರಡು ವರ್ಷಗಳೊಳಗೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ.

ಹೊಟ್ಟೆಯ ಉಬ್ಬಿಗೆ ಇಷ್ಟು ದುಬಾರಿ ಯಂತ್ರ ಬೇಕಿಲ್ಲ. ನಿಜವಾದ ಹರ್ನಿಯಾದಲ್ಲಿ ಹೊಟ್ಟೆಯ ಗೋಡೆಯಲ್ಲಿ ಒಂದು ಕಿಂಡಿ ಇರುತ್ತದೆ. ಸರ್ಪಸುತ್ತಿನ ಉಬ್ಬಿನಲ್ಲಿ ಕಿಂಡಿ ಇರುವುದಿಲ್ಲ, ಗೋಡೆಯ ಸ್ನಾಯು ಸೋತು ಜೋತಿರುತ್ತದೆ ಅಷ್ಟೆ. ಜಿಲ್ಲಾ ಕೇಂದ್ರಗಳಲ್ಲೂ ಸಿಗುವ ಅಲ್ಟ್ರಾಸೌಂಡ್ ಅಥವಾ ಸಿಟಿ ಸ್ಕ್ಯಾನ್ ಈ ವ್ಯತ್ಯಾಸವನ್ನು ತೋರಿಸಬಲ್ಲದು. ಅದು ಗೊತ್ತಾದರೆ ಒಂದು ಬೇಡದ ಶಸ್ತ್ರಚಿಕಿತ್ಸೆ ತಪ್ಪುತ್ತದೆ, ಏಕೆಂದರೆ ಹೊಲಿಯಲು ಅಲ್ಲಿ ಕಿಂಡಿಯೇ ಇರುವುದಿಲ್ಲ.

ಕುತ್ತಿಗೆಯ ವಿಷಯ ಇಷ್ಟು ಸುಲಭವಲ್ಲ. ಅರವತ್ತು ದಾಟಿದ ಯಾರ ಕುತ್ತಿಗೆಯ ಎಂಆರ್‌ಐ ತೆಗೆದರೂ ಬಹಳಷ್ಟು ಮಂದಿಯಲ್ಲಿ ಒಂದೆರಡು ಡಿಸ್ಕ್ ಉಬ್ಬಿರುವುದು ಕಾಣುತ್ತದೆ, ನೋವಿಲ್ಲದವರಲ್ಲೂ. ಕೈ ಏಳುತ್ತಿಲ್ಲ, ಕುತ್ತಿಗೆ ನೋವು, ಚಿತ್ರದಲ್ಲಿ ಡಿಸ್ಕ್ ಉಬ್ಬು. ಮೂರನ್ನೂ ಜೋಡಿಸಿದರೆ ಅಪರಾಧಿ ಡಿಸ್ಕ್ ಎಂದೇ ಅನ್ನಿಸುತ್ತದೆ. ಸರ್ಪಸುತ್ತಿನ ದೌರ್ಬಲ್ಯ ಸಾಮಾನ್ಯವಾಗಿ ಗುಳ್ಳೆ ಎದ್ದ ಎರಡು ಮೂರು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ರೋಗಿ ಮೂಳೆ ವೈದ್ಯರ ಮುಂದೆ ಕೂರುವ ಹೊತ್ತಿಗೆ ಗುಳ್ಳೆ ಒಣಗಿ, ಅಂಗಿಯ ಕೆಳಗೆ ಕಲೆ ಮಾತ್ರ ಉಳಿದಿರುತ್ತದೆ. ಹಾವಿನ ರೋಗಕ್ಕೆ ಮನೆಮದ್ದು ಮಾಡಿಸಿಕೊಂಡವರು, ಕೈಗೂ ಅದಕ್ಕೂ ಸಂಬಂಧವಿಲ್ಲವೆಂದು, ಕೇಳದೆ ಹೇಳುವುದೂ ಇಲ್ಲ.

ಯಂತ್ರವೂ ಇಲ್ಲಿ ಕೊನೆಯ ಮಾತು ಹೇಳುವುದಿಲ್ಲ. ಊದಿದ ನರ ಬೆಳ್ಳಗೆ ಕಾಣುತ್ತದೆ, ಆದರೆ ಬೇರೆ ಕಾರಣಕ್ಕೆ ಊದಿದ ನರವೂ ಹಾಗೆಯೇ ಕಾಣುತ್ತದೆ. ಕೆಲವರಲ್ಲಿ ಕೈ ಸೋತಿದ್ದರೂ ನರದ ಚಿತ್ರ ಸರಿಯಾಗಿಯೇ ಇರುತ್ತದೆ. ಸ್ನಾಯುವಿನ ವಿದ್ಯುತ್ತನ್ನು ಅಳೆಯುವ ಇಎಂಜಿ ಪರೀಕ್ಷೆಯಲ್ಲಿ ಬದಲಾವಣೆ ಸ್ಪಷ್ಟವಾಗಲು ಎರಡು ಮೂರು ವಾರ ಬೇಕು. ಎಲ್ಲವನ್ನೂ ಜೋಡಿಸುವ ಕೊಂಡಿ ಒಂದೇ ಪ್ರಶ್ನೆ: ಇತ್ತೀಚೆಗೆ ಆ ಜಾಗದಲ್ಲಿ ಗುಳ್ಳೆ ಎದ್ದಿತ್ತೇ? ಆ ಪ್ರಶ್ನೆಯನ್ನು ಕೇಳಿಸಿಕೊಂಡ ರೇಡಿಯಾಲಜಿಸ್ಟ್ ಡಿಸ್ಕನ್ನು ದಾಟಿ ನರವನ್ನೂ ಭುಜದ ಸ್ನಾಯುಗಳನ್ನೂ ನೋಡುತ್ತಾರೆ. ಚೀಟಿಯಲ್ಲಿ ಬರೀ ಕುತ್ತಿಗೆ ನೋವು ಎಂದಿದ್ದರೆ ನೋಡದೆ ಬಿಡಬಹುದು.

ಚಿತ್ರಕ್ಕೆ ಮೊದಲು

ನರವನ್ನು ನೋಡುವುದಕ್ಕಿಂತ ಉಳಿಸುವುದು ಮೇಲು. ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಶಾಲೆಯಿಂದ ಬಂದ ಎಸೈಕ್ಲೊವಿರ್ ವೈರಸ್ಸಿನ ಬೆಳವಣಿಗೆಯನ್ನು ತಡೆಯುತ್ತದೆ. ಎಲಿಯನ್ 1988ರ ನೊಬೆಲ್ ಹಂಚಿಕೊಂಡವರು. ಗುಳ್ಳೆ ಎದ್ದ 72 ಗಂಟೆಗಳೊಳಗೆ ಈ ಗುಂಪಿನ ಮಾತ್ರೆ ಶುರು ಮಾಡಿದರೆ ಹೆಚ್ಚು ಪ್ರಯೋಜನ. ಕೆಮ್ಮಣ್ಣು ಒಣಗಲು ಕಾಯುವ ದಿನಗಳಲ್ಲಿ ಕಳೆದುಹೋಗುವುದು ಈ 72 ಗಂಟೆಗಳೇ. ಮಣ್ಣಿನ ತಂಪಿನಿಂದ ಆಗುವ ಹಾನಿ ಕಡಿಮೆ, ಅದರಿಂದ ಆಗುವ ತಡದಿಂದ ಆಗುವ ಹಾನಿ ಹೆಚ್ಚು. ಐವತ್ತು ದಾಟಿದವರಿಗೆಂದು ರೂಪಿಸಿದ ಸರ್ಪಸುತ್ತಿನ ಹೊಸ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ. ಎರಡು ಡೋಸು ಬೇಕು, ಬೆಲೆ ಸಾಮಾನ್ಯ ಕುಟುಂಬಕ್ಕೆ ಭಾರವೇ.

ಹಳೆಯ ಯಾಟ್ ಕ್ಲಬ್ಬಿನಲ್ಲಿ ಈಗ ಅಣುಶಕ್ತಿ ಇಲಾಖೆಯ ಕಚೇರಿಗಳಿವೆ. ಗೇಟ್‌ವೇ ನೋಡಲು ಬಂದವರು ಅದರ ಮುಂದೆಯೇ ಹಾದು ಹೋಗುತ್ತಾರೆ. ಫೋರ್ಟಿನ ಇನ್ನೊಂದು ತುದಿಯಲ್ಲಿ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಪಕ್ಕದಲ್ಲಿ, ಸೇಂಟ್ ಜಾರ್ಜ್ ಸರ್ಕಾರಿ ಆಸ್ಪತ್ರೆ ಇದೆ. ಹಳೆಯ ಕೋಟೆಯ ಗೋಡೆಯಲ್ಲಿ ಉಳಿದಿರುವ ಒಂದು ತುಂಡು ಅದರ ಅಂಗಳದಲ್ಲೇ ನಿಂತಿದೆ. ನಡೆದರೆ ಅರ್ಧ ಗಂಟೆಯ ಈ ದಾರಿಯನ್ನು ದಾಟಲು ವಿಜ್ಞಾನಕ್ಕೆ ನಾಲ್ಕು ದಶಕ ಬೇಕಾಯಿತು. ಮದ್ಯಸಾರದಲ್ಲಿ ಮೂರು ಗೆರೆ ಕಂಡ ಮೂವರಲ್ಲಿ ಒಬ್ಬರ ಹೆಸರು ಧರ್ಮಟ್ಟಿ ಎಂಬುದು ಎಂಆರ್‌ಐ ಕೊಳವೆಯೊಳಗೆ ಕೈ ನೀಡಿ ಮಲಗಿದ ರೋಗಿಗೆ ತಿಳಿದಿರಬೇಕಿಲ್ಲ. ಹೋದ ತಿಂಗಳು ಭುಜದ ಮೇಲೆ ಸರ್ಪಸುತ್ತು ಎದ್ದಿತ್ತು ಎಂಬ ಒಂದು ಮಾತನ್ನು ಮಾತ್ರ ಒಳಗೆ ಹೋಗುವ ಮೊದಲು ಹೇಳಿರಬೇಕು.